ಬಾಹ್ಯಾಕಾಶದ ಕಥೆಗಳಲ್ಲಿ ಭೌತವಿಜ್ಞಾನ: ಕಥೆಯನ್ನು ಕಟ್ಟಿಹಾಕುತ್ತದೆಯೇ, ಕಟ್ಟುತ್ತದೆಯೇ?

ಪ್ರಶ್ನೆ: ತಾರಾಪಥಿಕ

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ‘ದಿ ಎಕ್ಸ್‌ಪ್ಯಾನ್ಸ್’ ಎಂಬ ಬಾಹ್ಯಾಕಾಶದ ಟಿವಿ ಸರಣಿಯ ಆರು ಸೀಸನ್‌ಗಳನ್ನು, ಒಟ್ಟು 62 ಕಂತುಗಳನ್ನು, ಎರಡನೆಯ ಬಾರಿಗೆ ನೋಡಿ ಮುಗಿಸಿದೆ. ಅದರ ಗುಂಗಿನಲ್ಲಿದ್ದಾಗಲೇ ಬಹುಕಾಲದ ಗೆಳೆಯರೊಬ್ಬರೊಡನೆ ಮಾತಿಗೆ ಕುಳಿತೆ. ಸಿನಿಮಾವನ್ನು ನನಗಿಂತ ಚೆನ್ನಾಗಿ ಬಲ್ಲ ಅವರು, ಬಾಹ್ಯಾಕಾಶದ ಕಥೆಗಳಲ್ಲಿ ಭೌತವಿಜ್ಞಾನದ ನಿಖರತೆಯನ್ನು ಹುಡುಕುವುದು ಕಥೆಯ ಮೇಲೆ ಬೇಡದ ಭಾರ ಹೊರಿಸಿದಂತೆ ಎಂದೂ, ಪಾತ್ರಗಳ ಸುಖದುಃಖ ಗಟ್ಟಿಯಾಗಿದ್ದರೆ ನೌಕೆ ಹೇಗೆ ಹಾರಿದರೂ ನಡೆಯುತ್ತದೆ ಎಂದೂ ಹೇಳಿದರು. ನನಗೆ ಆ ಮಾತನ್ನು ಒಪ್ಪಲಾಗಲಿಲ್ಲ. ಏಕೆ ಒಪ್ಪಲಾಗುತ್ತಿಲ್ಲ ಎಂಬುದನ್ನು ಅವರಿಗೆ ಸರಿಯಾಗಿ ವಿವರಿಸಲೂ ಆಗಲಿಲ್ಲ. ಅಂದು ಬಾಯಿಗೆ ಬಾರದ ವಿವರಣೆಯನ್ನು ಇಲ್ಲಿ ಬರೆಯಲು ಪ್ರಯತ್ನಿಸುತ್ತೇನೆ, ತಪ್ಪಿದ್ದಲ್ಲಿ ತಿದ್ದಿ.

ಈ ಸರಣಿಯ ನೌಕೆಗಳಲ್ಲಿ ನೆಲದಡಿ ಅಡಗಿಸಿಟ್ಟ ಕೃತಕ ಗುರುತ್ವದ ಯಂತ್ರವಿಲ್ಲ. ನೌಕೆಯ ಅಂತಸ್ತುಗಳು ಬಹುಮಹಡಿ ಕಟ್ಟಡದಂತೆ ಒಂದರ ಮೇಲೊಂದಿವೆ, ಎಂಜಿನ್ ತಳದಲ್ಲಿದೆ, ಅದು ಉರಿಯುವಷ್ಟು ಹೊತ್ತು ಮಾತ್ರ ಜನರ ಕಾಲು ನೆಲದಲ್ಲಿ ಊರುತ್ತದೆ. ಅರ್ಧ ದಾರಿ ಸಾಗಿದ ಮೇಲೆ ನೌಕೆ ಹಿಂದುಮುಂದಾಗಿ ತಿರುಗಿ, ವೇಗ ತಗ್ಗಿಸಲು ಮತ್ತೆ ಎಂಜಿನ್ ಉರಿಸಬೇಕಾಗುತ್ತದೆ. ಸಿರಿಸ್ ಎಂಬ ಕ್ಷುದ್ರಗ್ರಹವನ್ನು ಬುಗುರಿಯಂತೆ ತಿರುಗಿಸಿ ಗುರುತ್ವ ಪಡೆದಿರುವುದರಿಂದ, ಅಲ್ಲಿ ಲೋಟಕ್ಕೆ ಸುರಿದ ಮದ್ಯ ನೇರವಾಗಿ ಇಳಿಯದೆ ಪಕ್ಕಕ್ಕೆ ಬಾಗಿ ಬೀಳುತ್ತದೆ. ಕಡಿಮೆ ಗುರುತ್ವದಲ್ಲಿ ಹುಟ್ಟಿ ಬೆಳೆದ ಕ್ಷುದ್ರಗ್ರಹ ಪಟ್ಟಿಯ ಜನರನ್ನು ಭೂಮಿಗೆ ತಂದರೆ ಅವರ ಮೈಭಾರವೇ ಅವರಿಗೆ ಚಿತ್ರಹಿಂಸೆಯಾಗುತ್ತದೆ. ಮೊದಲ ಸೀಸನ್ನಿನಲ್ಲಿ ಕೈದಿಯೊಬ್ಬನ ಬಾಯಿ ಬಿಡಿಸಲು ಅದನ್ನೇ ಬಳಸುತ್ತಾರೆ. ಬಳಸುವವರು ಸೀರೆಯುಟ್ಟ, ಮೊಮ್ಮಗನನ್ನು ಮುದ್ದಿಸುವ ಕ್ರಿಸ್ಜೆನ್ ಅವಸರಾಳ ಎಂಬ ಹಿರಿಯ ಅಧಿಕಾರಿ. ಆಳುವ ಭೂಮಿಯವರಿಗೂ ದುಡಿಯುವ ಪಟ್ಟಿಯವರಿಗೂ ನಡುವಿನ ಅಂತರವನ್ನು ಈ ಕಥೆ ಮನುಷ್ಯರ ಮೂಳೆಯಲ್ಲೇ ತೋರಿಸುತ್ತದೆ.

ಮೂರನೆಯ ಸೀಸನ್ ನೋಡದವರು ಮುಂದಿನ ಪ್ಯಾರಾವನ್ನು ಬಿಟ್ಟು ಓದಬಹುದು.

ನನ್ನ ಮಟ್ಟಿಗೆ ಇಡೀ ಸರಣಿಯ ಶಿಖರ ಆ ಸೀಸನ್ನಿನ ಕೊನೆಯ ಭಾಗದಲ್ಲಿದೆ. ಅನ್ಯಜೀವಿಗಳ ತಂತ್ರಜ್ಞಾನ ತೆರೆದ ಉಂಗುರದೊಳಗೆ ಭೂಮಿ, ಮಂಗಳ ಮತ್ತು ಪಟ್ಟಿಯ ನೌಕೆಗಳು ಸೇರಿರುವಾಗ, ಅಲ್ಲಿ ಅನುಮತಿಸಿದ ವೇಗದ ಮಿತಿ ಹಠಾತ್ತನೆ ಕುಸಿಯುತ್ತದೆ. ನೌಕೆಗಳು ನಿಲ್ಲುತ್ತವೆ, ಒಳಗಿನ ದೇಹಗಳು ನಿಲ್ಲುವುದಿಲ್ಲ. ಆ ಆಘಾತದಲ್ಲಿ ಬದುಕುಳಿದ ಗಾಯಾಳುಗಳೂ ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ, ಏಕೆಂದರೆ ತೂಕವಿಲ್ಲದ ಸ್ಥಿತಿಯಲ್ಲಿ ಗಾಯದ ರಕ್ತ ಹರಿದುಹೋಗದೆ ಅಲ್ಲೇ ತುಂಬಿಕೊಳ್ಳುತ್ತದೆ. ಎಂಜಿನ್ ಉರಿಸಿ ಗುರುತ್ವ ಪಡೆಯೋಣವೆಂದರೆ ವೇಗದ ಮಿತಿ ಬಿಡುವುದಿಲ್ಲ. ತಿರುಗಬಲ್ಲ ದೊಡ್ಡ ಉರುಳೆ ಇರುವುದು ಬೆಹೆಮತ್ ಎಂಬ ಒಂದೇ ನೌಕೆಯಲ್ಲಿ. ತಲೆಮಾರುಗಳ ಕಾಲ ಸಾಗಬೇಕಾದ ಯಾತ್ರೆಗೆಂದು ಮಾರ್ಮನ್ ಪಂಥದವರು ಕಟ್ಟಿಸಿದ್ದ ಆ ಹಡಗನ್ನು ಪಟ್ಟಿಯವರು ಯುದ್ಧನೌಕೆಯಾಗಿ ಮಾರ್ಪಡಿಸಿಕೊಂಡಿದ್ದರು. ಈಗ ಅದರ ಉರುಳೆಯನ್ನು ತಿರುಗಿಸಿ, ನಿನ್ನೆಯವರೆಗೆ ಒಬ್ಬರ ಮೇಲೊಬ್ಬರು ಗುರಿಯಿಟ್ಟು ನಿಂತಿದ್ದ ಮೂರು ಪಕ್ಷಗಳ ಗಾಯಾಳುಗಳನ್ನೂ ಅಲ್ಲಿಗೆ ಕರೆತರುತ್ತಾರೆ. ರಕ್ತ ಕೆಳಕ್ಕೆ ಹರಿಯಬೇಕಾದರೆ ‘ಕೆಳಗೆ’ ಎಂಬ ದಿಕ್ಕೊಂದು ಇರಬೇಕು ಎಂಬ ಸರಳ ಸಂಗತಿಯೇ ವೈರಿಗಳನ್ನು ಒಂದೇ ಸೂರಿನಡಿ ತಂದಿತು. ಗುರುತ್ವವನ್ನು ಗುಂಡಿ ಒತ್ತಿ ಪಡೆಯಬಹುದಾದ ಲೋಕದಲ್ಲಿ ಈ ಕಥೆ ಹುಟ್ಟುತ್ತಲೇ ಇರಲಿಲ್ಲ.

ನಿಸರ್ಗದ ನಿಯಮಕ್ಕೆ ಬದ್ಧವಾದದ್ದರಿಂದಲೇ ಬಲ ಪಡೆದ ದೃಶ್ಯಗಳು ನಿಮ್ಮ ನೆನಪಿನಲ್ಲಿ ಯಾವುವು? ನಿಯಮವನ್ನು ಬದಿಗಿಟ್ಟೂ ನಿಮ್ಮನ್ನು ಗೆದ್ದ ಕೃತಿಗಳಿದ್ದರೆ, ಅವು ಏತರಿಂದ ಗೆದ್ದವು?

ಉತ್ತರ 1: ಹಳೆಯ ಪ್ರೇಕ್ಷಕ

ತಾರಾಪಥಿಕರೇ, ನೀವು ಹೇಳುತ್ತಿರುವುದನ್ನು ನಾನು ಮೊದಲು ಅನುಭವಿಸಿದ್ದು ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ. 1968ರ ಏಪ್ರಿಲ್‌ನಲ್ಲಿ, ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂದು ವರ್ಷಕ್ಕೂ ಮೊದಲು, ತೆರೆಕಂಡ ಚಿತ್ರವದು. ನಾನು ಅದನ್ನು ನೋಡಿದ್ದು ಬಹಳ ವರ್ಷಗಳ ನಂತರ, ಬೆಂಗಳೂರಿನಲ್ಲಿ ಚಿತ್ರಸಮಾಜವೊಂದರ ಪ್ರದರ್ಶನದಲ್ಲಿ. ಮೊದಲ ಇಪ್ಪತ್ತೈದು ನಿಮಿಷ ತೆರೆಯ ಮೇಲೆ ಯಾರೂ ಒಂದು ಮಾತೂ ಆಡಲಿಲ್ಲ. ಸಭಾಂಗಣದಲ್ಲಿ ಕೆಲವರು ಎದ್ದು ಹೋದರು, ಉಳಿದವರು ಕೊನೆಯವರೆಗೆ ಅಲುಗಾಡಲಿಲ್ಲ.

ಅಲ್ಲಿನ ಎರಡು ಸಂಗತಿಗಳನ್ನು ನಿಮ್ಮ ವಾದಕ್ಕೆ ಸೇರಿಸಬಯಸುತ್ತೇನೆ. ಡಿಸ್ಕವರಿ ನೌಕೆಯ ಗಗನಯಾನಿ ಚಕ್ರಾಕಾರದ ಕೋಣೆಯ ಒಳಮೈಯ ಮೇಲೆ ಓಡುತ್ತಾ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುವ ದೃಶ್ಯಕ್ಕಾಗಿ, ಸುಮಾರು 38 ಅಡಿ ವ್ಯಾಸದ, ಸುಮಾರು 30 ಟನ್ ತೂಕದ, ನಿಜವಾಗಿ ತಿರುಗುವ ಚಕ್ರವನ್ನು ಇಂಗ್ಲೆಂಡಿನಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಂಪನಿಯಿಂದ ಕಟ್ಟಿಸಿದರು. ಅದಕ್ಕೆ ತಗುಲಿದ ವೆಚ್ಚ ಏಳೂವರೆ ಲಕ್ಷ ಡಾಲರ್. ಕುತೂಹಲಕ್ಕಾಗಿ ಲೆಕ್ಕ ಹಾಕಿ ನೋಡಿದ್ದೇನೆ: ಅಷ್ಟು ವ್ಯಾಸದ ಚಕ್ರದಲ್ಲಿ ಭೂಮಿಯಷ್ಟೇ ಗುರುತ್ವ ಬೇಕಾದರೆ ನಿಮಿಷಕ್ಕೆ ಹನ್ನೆರಡು ಸುತ್ತಿಗಿಂತ ಹೆಚ್ಚು ತಿರುಗಬೇಕು, ಅದರಲ್ಲಿ ತಲೆಸುತ್ತು ಬಾರದೆ ಬದುಕುವುದು ಕಷ್ಟ. ಚಂದ್ರನಷ್ಟು ಗುರುತ್ವ ಸಾಕೆಂದರೆ ಐದು ಸುತ್ತು ಸಾಕು. ಆರ್ಥರ್ ಸಿ. ಕ್ಲಾರ್ಕ್ ತಮ್ಮ ಕಾದಂಬರಿಯಲ್ಲಿ ಚಂದ್ರನಷ್ಟನ್ನೇ ಆರಿಸಿಕೊಂಡಿದ್ದಾರೆ.

ಎರಡನೆಯದು ಮೌನ. ಗಾಳಿಯಿಲ್ಲದೆಡೆ ಸದ್ದಿಲ್ಲ ಎಂಬುದು ನಾವೆಲ್ಲ ಶಾಲೆಯಲ್ಲಿ, ಗಾಜಿನ ಜಾಡಿಯೊಳಗಿನ ಗಂಟೆಯ ಪ್ರಯೋಗದಲ್ಲಿ, ಕಲಿತ ಪಾಠ. ಕುಬ್ರಿಕ್ ಆ ಪಾಠವನ್ನು ಭಯಹುಟ್ಟಿಸಲು ಬಳಸಿದರು. ಗಗನಯಾನಿ ಹೊರಗೆ ತೇಲುವಾಗ ನಮಗೆ ಕೇಳುವುದು ಶಿರಸ್ತ್ರಾಣದೊಳಗಿನ ಅವನ ಉಸಿರಾಟ ಮಾತ್ರ. ಆ ಉಸಿರು ನಿಂತಾಗ ಚೀರಾಟವಿಲ್ಲ, ಸಂಗೀತವಿಲ್ಲ. ದೂರವಾಗುತ್ತಿರುವ ದೇಹವೊಂದು ಸುತ್ತುತ್ತಾ ಹೋಗುತ್ತದೆ, ಅಷ್ಟೇ. ಮುಂದೆ ಅವನ ಸಹಯಾನಿ ಬೋಮನ್ ಶಿರಸ್ತ್ರಾಣವಿಲ್ಲದೆ ನಿರ್ವಾತದ ಮೂಲಕ ನೌಕೆಯ ಬಾಗಿಲಿಗೆ ಹಾರುವಾಗಲೂ ಎಲ್ಲವೂ ನಿಶ್ಶಬ್ದ. ಅವನು ಬಾಗಿಲು ಮುಚ್ಚಿ ಗಾಳಿ ಒಳನುಗ್ಗಿದಾಗಲೇ ಸದ್ದೂ ನುಗ್ಗುತ್ತದೆ, ಮತ್ತು ಪ್ರೇಕ್ಷಕನೂ ಆಗಲೇ ಉಸಿರು ಬಿಡುತ್ತಾನೆ.

ತಪ್ಪುಗಳಿಲ್ಲವೆಂದಲ್ಲ. ಚಂದ್ರಯಾನದ ದೃಶ್ಯದಲ್ಲಿ ಸ್ಟ್ರಾದಿಂದ ಹೀರಿದ ದ್ರವ, ತೂಕವಿಲ್ಲದ ಆ ಸ್ಥಿತಿಯಲ್ಲೂ, ಬಾಯಿ ತೆಗೆದ ಕೂಡಲೇ ಕೆಳಕ್ಕೆ ಇಳಿಯುತ್ತದೆ. ನಿರ್ವಾತಕ್ಕೆ ಹಾರುವ ಮುನ್ನ ಬೋಮನ್ ಉಸಿರು ಬಿಗಿಹಿಡಿಯುವುದೂ ತಪ್ಪು, ಶ್ವಾಸಕೋಶಕ್ಕೆ ಹಾನಿಯಾಗದಿರಲು ಉಸಿರನ್ನು ಹೊರಬಿಡಬೇಕು. ಇಂಥವು ಎದ್ದುಕಾಣುವುದೇ ಉಳಿದದ್ದೆಲ್ಲ ಅಷ್ಟು ಶ್ರದ್ಧೆಯಿಂದ ಆಗಿರುವುದರಿಂದ.

ಉತ್ತರ 2: ಕಥೆಯ ಕಡೆಯವಳು

ಇಬ್ಬರ ಬರಹವನ್ನೂ ಸಂತೋಷದಿಂದ ಓದಿದೆ. ಆದರೂ ತಾರಾಪಥಿಕರ ಗೆಳೆಯರ ಪರವಾಗಿ ಇಲ್ಲಿ ಯಾರಾದರೂ ನಿಲ್ಲಬೇಕು, ನಾನು ನಿಲ್ಲುತ್ತೇನೆ.

ನಾನು ಈ ಕಥೆಗಳಿಗೆ ಒಲಿದದ್ದು ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ‘ಸ್ಟಾರ್ ಟ್ರೆಕ್’ನಿಂದ. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಎರಡೇ ಮನೆಗಳಲ್ಲಿ. ಅರ್ಥವಾಗದ ಇಂಗ್ಲಿಷನ್ನು ಅಣ್ಣ ಪಿಸುಮಾತಿನಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ಆ ಸರಣಿಯಲ್ಲಿ ನೌಕೆಗಳು ನಿರ್ವಾತದಲ್ಲಿ ಸದ್ದು ಮಾಡುತ್ತಲೇ ಹಾದುಹೋಗುತ್ತವೆ, ಎಲ್ಲರೂ ನಮ್ಮ ಪಡಸಾಲೆಯಲ್ಲಿ ನಡೆದಾಡಿದಷ್ಟು ಸಲೀಸಾಗಿ ನೌಕೆಯಲ್ಲಿ ನಡೆದಾಡುತ್ತಾರೆ. ಮನುಷ್ಯರನ್ನು ಕರಗಿಸಿ ಇನ್ನೊಂದೆಡೆ ಮೂಡಿಸುವ ‘ಟ್ರಾನ್ಸ್‌ಪೋರ್ಟರ್’ ಹುಟ್ಟಿದ್ದಕ್ಕೂ ವಿಜ್ಞಾನಕ್ಕೂ ಸಂಬಂಧವಿಲ್ಲ. ವಾರವಾರವೂ ನೌಕೆ ಬೇರೆ ಬೇರೆ ಗ್ರಹಗಳ ಮೇಲೆ ಇಳಿಯುವುದನ್ನು ಚಿತ್ರಿಸಲು ಹಣ ಸಾಲುತ್ತಿರಲಿಲ್ಲ ಎಂಬುದೇ ಅದಕ್ಕೆ ಕಾರಣ. ಕಣದ ಸ್ಥಾನವನ್ನೂ ಸಂವೇಗವನ್ನೂ ಒಟ್ಟಿಗೆ ಕರಾರುವಾಕ್ಕಾಗಿ ಅಳೆಯಲಾಗದು ಎಂಬ ಹೈಸೆನ್‌ಬರ್ಗ್ ತತ್ವ ಅಂಥ ಯಂತ್ರಕ್ಕೆ ಅಡ್ಡಬರುತ್ತದೆ ಎಂಬ ಆಕ್ಷೇಪ ಬಂದಾಗ, ನಂತರದ ಸರಣಿಗಳು ‘ಹೈಸೆನ್‌ಬರ್ಗ್ ಕಾಂಪೆನ್ಸೇಟರ್’ ಎಂಬ ಉಪಕರಣದ ಹೆಸರನ್ನು ಹೇಳಿ ಮುಂದೆ ಸಾಗಿದವು.

ಇಷ್ಟೆಲ್ಲ ಇದ್ದೂ, ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಸರಣಿಯ ‘ದಿ ಮೆಷರ್ ಆಫ್ ಎ ಮ್ಯಾನ್’ ಎಂಬ 1989ರ ಕಂತನ್ನು ನಾನು ಬೇರೆ ಯಾವುದರೊಂದಿಗೂ ವಿನಿಮಯ ಮಾಡಿಕೊಳ್ಳಲಾರೆ. ಡೇಟಾ ಎಂಬ ಯಂತ್ರಮಾನವ ಅಧಿಕಾರಿಯನ್ನು ಬಿಚ್ಚಿ ಅಧ್ಯಯನ ಮಾಡಬೇಕೆಂದು ವಿಜ್ಞಾನಿಯೊಬ್ಬ ಬರುತ್ತಾನೆ. ಡೇಟಾ ಒಪ್ಪದೆ ರಾಜೀನಾಮೆ ಕೊಡಲು ಮುಂದಾದಾಗ, ಆಸ್ತಿಗೆ ರಾಜೀನಾಮೆಯ ಹಕ್ಕಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಡೇಟಾನ ಪರ ಕ್ಯಾಪ್ಟನ್ ಪಿಕಾರ್ಡ್ ವಾದಿಸುತ್ತಾರೆ. ಎದುರು ವಾದಿಸುವ ಹೊಣೆ ಡೇಟಾನ ಗೆಳೆಯನೇ ಆದ ರೈಕರ್ ಮೇಲೆ ಬೀಳುತ್ತದೆ. ಅವನು ಮನಸ್ಸಿಲ್ಲದೆ ಹಿಂಜರಿದರೆ ಡೇಟಾಗೆ ಸೋಲು ಎಂದು ನ್ಯಾಯಾಧೀಶೆ ಮೊದಲೇ ಹೇಳಿರುತ್ತಾರೆ. ಹೀಗಾಗಿ ರೈಕರ್ ತನ್ನ ಗೆಳೆಯನ ಬೆನ್ನಿನ ಸ್ವಿಚ್ಚನ್ನು ಎಲ್ಲರೆದುರು ಆರಿಸುತ್ತಾನೆ, ಡೇಟಾ ಮೇಜಿನ ಮೇಲೆ ಕುಸಿಯುತ್ತಾನೆ. ಈ ಕಂತನ್ನು ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ವಕೀಲರಾಗಿದ್ದವರು. ಅದರ ಕಥೆಗೆ ಆಧಾರವಾಗಿರುವುದು ಭೌತವಿಜ್ಞಾನದ ನಿಯಮಗಳಲ್ಲ, ನ್ಯಾಯಾಲಯದ ನಿಯಮಗಳು. ಅವುಗಳನ್ನು ಎಳ್ಳಷ್ಟೂ ಸಡಿಲಿಸದೆ ಪಾಲಿಸಲಾಗಿದೆ.

ಆದ್ದರಿಂದ ಕಥೆಯೊಂದು ತಾನು ಹಾಕಿಕೊಂಡ ಕಟ್ಟಳೆಗೆ ತಾನು ನಿಷ್ಠವಾಗಿದೆಯೇ ಎಂಬುದಷ್ಟೇ ನನಗೆ ಮುಖ್ಯ. ಆ ಕಟ್ಟಳೆ ನ್ಯೂಟನ್ನರದೇ ಆಗಿರಬೇಕೆಂದೇನಿಲ್ಲ.

ತಾರ್ಕೋವ್‌ಸ್ಕಿ ಅವರ ‘ಸೊಲಾರಿಸ್’ (1972) ಚಿತ್ರವನ್ನೂ ನೆನೆಯುತ್ತೇನೆ. ಇಡೀ ಗ್ರಹವನ್ನು ಆವರಿಸಿದ ಸಾಗರವೊಂದು, ಅಲ್ಲಿಗೆ ಬಂದವರ ನೆನಪಿನಿಂದ ಮನುಷ್ಯರನ್ನು ರೂಪಿಸಿ ಕಳುಹಿಸುತ್ತದೆ. ಅಲ್ಲಿನ ಬಾಹ್ಯಾಕಾಶ ನಿಲ್ದಾಣಕ್ಕೆ ಬಂದ ಮನೋವಿಜ್ಞಾನಿ ಕೆಲ್ವಿನ್‌ಗೆ ಸತ್ತುಹೋದ ಹೆಂಡತಿ ಹರಿ ಮತ್ತೆ ಎದುರಾಗುತ್ತಾಳೆ. ಅದು ಹೇಗೆ ಸಾಧ್ಯ ಎಂಬುದಕ್ಕಿಂತ, ಹಾಗೆ ಬಂದವಳನ್ನು ಏನು ಮಾಡುವುದು ಎಂಬುದರಲ್ಲಿ ಚಿತ್ರದ ಆಸಕ್ತಿಯಿದೆ. ಮೂಲ ಕಾದಂಬರಿ ಬರೆದ ಸ್ಟಾನಿಸ್ಲಾವ್ ಲೆಮ್ ಅವರಿಗೆ ಇದು ಹಿಡಿಸಲಿಲ್ಲ. ತಾರ್ಕೋವ್‌ಸ್ಕಿ ತಮ್ಮ ಕೃತಿಯ ಬದಲು ‘ಅಪರಾಧ ಮತ್ತು ಶಿಕ್ಷೆ’ಯನ್ನು ಚಿತ್ರಿಸಿದ್ದಾರೆ ಎಂಬರ್ಥದಲ್ಲಿ ಅವರು ದೂರಿದ್ದರು. ಲೆಮ್ ಅವರ ನೋವು ನ್ಯಾಯವಾದದ್ದೇ, ಆದರೂ ನನಗೆ ಎರಡೂ ಬೇಕು. ಒಂದು ಮಾತನ್ನು ಮಾತ್ರ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು: ಆ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು, ನಿಲ್ದಾಣದ ಗ್ರಂಥಾಲಯದಲ್ಲಿ ಮೂವತ್ತು ಸೆಕೆಂಡು ತೂಕವಿಲ್ಲದಂತಾಗಿ, ಗಂಡಹೆಂಡತಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಮೇಲೇಳುವ, ಉರಿಯುವ ಮೇಣದಬತ್ತಿಗಳ ಕಂಬ ಪಕ್ಕದಲ್ಲಿ ತೇಲಿಹೋಗುವ ದೃಶ್ಯ.

ಉತ್ತರ 3: ಕಕ್ಷೆಯ ಲೆಕ್ಕ

ಕಥೆಯ ಕಡೆಯವರ ಮಾತಿಗೆ ಒಂದು ಚಿಕ್ಕ ಸೇರ್ಪಡೆ. ಅಲ್ಫಾನ್ಸೊ ಕ್ವಾರೋನ್ ಅವರ ‘ಗ್ರಾವಿಟಿ’ (2013) ಸದ್ದಿನ ವಿಷಯದಲ್ಲಿ ಬಹಳ ಎಚ್ಚರ ವಹಿಸಿದ ಚಿತ್ರ. ಹೊರಗಿನ ಢಿಕ್ಕಿಗಳು ಕೈಗವಸಿನ ಮೂಲಕ ಮೈಗೆ ತಾಗುವ ಕಂಪನವಾಗಿ ಮಾತ್ರ ಕೇಳಿಸುತ್ತವೆ. ಅದೇ ಚಿತ್ರದಲ್ಲಿ ಗಗನಯಾನಿಗಳು ಹಬಲ್ ದೂರದರ್ಶಕದಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಬೆನ್ನಿಗೆ ಕಟ್ಟಿದ ಯಂತ್ರದ ಬಲದಿಂದ ಹೋಗುತ್ತಾರೆ. ಹಬಲ್‌ನ ಕಕ್ಷೆ ಭೂಮಧ್ಯರೇಖೆಗೆ 28.5 ಡಿಗ್ರಿ ಓರೆ, ನಿಲ್ದಾಣದ್ದು 51.6 ಡಿಗ್ರಿ. ಒಂದರಿಂದ ಇನ್ನೊಂದಕ್ಕೆ ಹೊರಳಲು ಕನಿಷ್ಠವೆಂದರೂ ಸೆಕೆಂಡಿಗೆ 3 ಕಿಲೋಮೀಟರಿನಷ್ಟು ವೇಗ ಬದಲಾಗಬೇಕು. ನಾಸಾ ನಿಜವಾಗಿ ಬಳಸಿದ ಬೆನ್ನಿನ ಯಂತ್ರ ಕೊಡುತ್ತಿದ್ದದ್ದು ಸೆಕೆಂಡಿಗೆ ಸುಮಾರು 25 ಮೀಟರ್. ಇದೆಲ್ಲ ಗೊತ್ತಿದ್ದೂ ನಾನು ಚಿತ್ರಮಂದಿರದಲ್ಲಿ ಕುರ್ಚಿಯ ಕೈಯನ್ನು ಬಿಗಿಹಿಡಿದು ಕುಳಿತಿದ್ದೆ. ನಿಲ್ದಾಣ ಎಲ್ಲಿದೆ ಎಂಬ ತಪ್ಪನ್ನು ಮನಸ್ಸು ಒಮ್ಮೆ ಒಪ್ಪಿಕೊಂಡಿತು. ಅದರ ನಂತರ ಹಗ್ಗ, ತೂಕ, ಜಡತ್ವ, ಉಳಿದಿರುವ ಆಮ್ಲಜನಕ ಇವೆಲ್ಲ ಸರಿಯಾಗಿಯೇ ನಡೆದುಕೊಂಡವು. ಕಥೆಯ ಬುಡದಲ್ಲಿ ಒಂದು ಸುಳ್ಳನ್ನು ಕ್ಷಮಿಸಬಲ್ಲೆ, ತಿರುವುಗಳಲ್ಲಿ ಕ್ಷಮಿಸಲಾರೆ.

ಉತ್ತರ 4: ರೇವತಿ ನಕ್ಷತ್ರ

ನನ್ನ ಉತ್ತರ ‘ಇಂಟರ್‌ಸ್ಟೆಲ್ಲರ್’ (2014). ಗುರುತ್ವ ಬಲವಾದಷ್ಟೂ ಸಮಯ ನಿಧಾನವಾಗುವುದರಿಂದ, ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವವಿರುವ ಕೃಷ್ಣರಂಧ್ರದ ಹತ್ತಿರದ ಗ್ರಹದಲ್ಲಿ ಕಳೆದ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮ. ಕೆಲವೇ ಗಂಟೆಗಳ ಎಡವಟ್ಟಿನಿಂದ ನೌಕೆಗೆ ಮರಳಿದ ಕೂಪರ್, ಇಪ್ಪತ್ತಮೂರು ವರ್ಷಗಳಲ್ಲಿ ಮಕ್ಕಳು ಕಳುಹಿಸಿದ ಸಂದೇಶಗಳನ್ನು ಒಂದರ ಹಿಂದೊಂದು ನೋಡುತ್ತಾನೆ. ಹುಡುಗ ಗಂಡಸಾಗುತ್ತಾನೆ, ಮದುವೆಯಾಗುತ್ತಾನೆ, ಮಗುವನ್ನು ಕಳೆದುಕೊಳ್ಳುತ್ತಾನೆ. ತಂದೆಗೆ ಒಂದು ಕೂದಲೂ ನರೆತಿಲ್ಲ. ಸಾಪೇಕ್ಷತೆಯ ಸಮೀಕರಣವೊಂದು ಇಷ್ಟು ಅಳಿಸಬಲ್ಲದು ಎಂದು ನನಗೆ ಅಂದಿನವರೆಗೂ ತಿಳಿದಿರಲಿಲ್ಲ.

ಅದನ್ನು ನೋಡುವಾಗ ಅಜ್ಜಿ ಹೇಳುತ್ತಿದ್ದ ಭಾಗವತದ ಕಥೆ ನೆನಪಾಯಿತು. ರೈವತ ಕಕುದ್ಮಿ ಮಗಳು ರೇವತಿಗೆ ತಕ್ಕ ವರನನ್ನು ಕೇಳಲು ಬ್ರಹ್ಮನ ಸಭೆಗೆ ಹೋಗಿ, ಗಂಧರ್ವರ ಗಾನ ಮುಗಿಯುವವರೆಗೆ ಕಾದು ಕೇಳಿದಾಗ, ಅಷ್ಟರಲ್ಲೇ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದಿವೆ ಎಂದು ತಿಳಿಯುತ್ತದೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರೂ ಇಲ್ಲ, ಅವರ ಮೊಮ್ಮಕ್ಕಳ ಹೆಸರು ಹೇಳುವವರೂ ಇಲ್ಲ. ನಮ್ಮ ಹಿರಿಯರಿಗೆ ಸಾಪೇಕ್ಷತೆ ಗೊತ್ತಿತ್ತು ಎಂದು ನಾನು ಖಂಡಿತ ಹೇಳುತ್ತಿಲ್ಲ, ಹಾಗೆ ಹೇಳುವುದು ಆ ಕಥೆಗೂ ಐನ್‌ಸ್ಟೈನ್‌ಗೂ ಅನ್ಯಾಯ. ಆದರೆ ದೂರ ಹೋದವರು ಮರಳಿದಾಗ ಮನೆಯೇ ಇಲ್ಲದಿರಬಹುದು ಎಂಬ ಅಳಲು ಹಳೆಯದು. ಅಜ್ಜಿಯ ಕಥೆಯಲ್ಲಿ ಅದು ಬ್ರಹ್ಮನ ಮಾತಿನಿಂದ ಬಂತು, ಈ ಚಿತ್ರದಲ್ಲಿ ಗುರುತ್ವದ ಲೆಕ್ಕದಿಂದ ಬಂತು. ಕೂಪರ್ ಯಾರಲ್ಲೂ ಮೊರೆಯಿಡುವಂತಿಲ್ಲ.

ಚಿತ್ರದ ಕೃಷ್ಣರಂಧ್ರವನ್ನು ರೂಪಿಸಲು ಭೌತವಿಜ್ಞಾನಿ ಕಿಪ್ ಥಾರ್ನ್ ಸಮೀಕರಣಗಳನ್ನು ಬರೆದುಕೊಟ್ಟರು. ಗುರುತ್ವ ತರಂಗಗಳ ಪತ್ತೆಗಾಗಿ 2017ರ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಕೆಲವು ಚೌಕಟ್ಟುಗಳನ್ನು ಗಣಿಸಲು ಕಂಪ್ಯೂಟರುಗಳಿಗೆ ನೂರು ಗಂಟೆಯವರೆಗೂ ಹಿಡಿಯಿತು. ಸುತ್ತುವ ಅನಿಲ ನಮ್ಮತ್ತ ಬರುವ ಬದಿ ಹೆಚ್ಚು ಪ್ರಕಾಶಮಾನವಾಗಿ, ದೂರ ಸರಿಯುವ ಬದಿ ಮಸುಕಾಗಿ ಕಾಣಬೇಕಿತ್ತು. ಪ್ರೇಕ್ಷಕರಿಗೆ ಗೊಂದಲವಾದೀತೆಂದು ನಿರ್ದೇಶಕ ನೋಲನ್ ಅದನ್ನು ಕೈಬಿಟ್ಟರು. 2019ರ ಏಪ್ರಿಲ್ 10ರಂದು ಎಂ87 ಗ್ಯಾಲಕ್ಸಿಯ ಕೃಷ್ಣರಂಧ್ರದ ನಿಜಚಿತ್ರ ಪ್ರಕಟವಾದಾಗ, ಉಂಗುರದ ಒಂದು ಬದಿ ಎದ್ದು ಬೆಳಗುತ್ತಿತ್ತು. ಆ ಓರೆಯನ್ನು ಚಿತ್ರದಲ್ಲೂ ಉಳಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಮರುನುಡಿ: ತಾರಾಪಥಿಕ

ಎಲ್ಲರಿಗೂ ಕೃತಜ್ಞತೆಗಳು. ಕಥೆಯ ಕಡೆಯವರು ಹೇಳಿದ್ದನ್ನು ಎರಡು ದಿನ ಯೋಚಿಸಿದೆ, ಅವರ ಮಾತಿನ ಬಹುಭಾಗವನ್ನು ಒಪ್ಪುತ್ತೇನೆ. ಡೇಟಾನ ವಿಚಾರಣೆಯಲ್ಲಿ ರೈಕರ್‌ಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಮಾಡಿದ ಷರತ್ತಿಗೂ, ಬೆಹೆಮತ್ ಪ್ರಸಂಗದ ವೇಗಮಿತಿಗೂ ಕಥೆಯಲ್ಲಿ ಒಂದೇ ಕೆಲಸ. ಆದರೂ ಒಂದು ವ್ಯತ್ಯಾಸವನ್ನು ಬಿಟ್ಟುಕೊಡಲಾರೆ. ಲೇಖಕರು ತಾವೇ ಹಾಕಿದ ಕಟ್ಟಳೆಯನ್ನು ಅಗತ್ಯ ಬಿದ್ದಾಗ ತಾವೇ ಸಡಿಲಿಸಬಹುದು. ‘ಸ್ಟಾರ್ ಟ್ರೆಕ್’ನಲ್ಲಿ ನಾಯಕರು ಅಪಾಯದಲ್ಲಿರಬೇಕಾದ ದಿನವೇ ಟ್ರಾನ್ಸ್‌ಪೋರ್ಟರ್ ಕೆಡುವುದನ್ನು ನಾವೆಲ್ಲ ನೋಡಿದ್ದೇವೆ. ನಿಸರ್ಗದ ಕಟ್ಟಳೆಯ ಬಳಿ ಅಂಥ ರಾಜಿಗೆ ಎಡೆಯಿಲ್ಲ, ಮತ್ತು ನೋಡುವವನಿಗೂ ಅದು ಗೊತ್ತಿರುತ್ತದೆ.

ಇದು ನನ್ನ ಮನಸ್ಸಿಗೆ ನಾಟಿದ್ದು ಸಿನಿಮಾದಿಂದಲ್ಲ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳನ ಕಕ್ಷೆ ಸೇರುವುದನ್ನು ಟಿವಿಯಲ್ಲಿ ನೋಡುತ್ತಿದ್ದೆ. ಅದರ ವೆಚ್ಚ, ಸುಮಾರು 450 ಕೋಟಿ ರೂಪಾಯಿ, ಮೇಲೆ ಪ್ರಸ್ತಾಪವಾದ ‘ಗ್ರಾವಿಟಿ’ಯ ವೆಚ್ಚಕ್ಕಿಂತ ಕಡಿಮೆ ಎಂದು ಆಗ ಎಲ್ಲೆಡೆ ಮಾತಾಗಿತ್ತು. ಸುಮಾರು ಮುನ್ನೂರು ದಿನ ಮಲಗಿದ್ದ ಮುಖ್ಯ ಎಂಜಿನ್ 24 ನಿಮಿಷ ಉರಿಯಬೇಕಿತ್ತು. ನೌಕೆ ಮಂಗಳನ ಮರೆಗೆ ಸರಿದಿತ್ತು. ಮರೆಯಿಂದ ಹೊರಬಂದ ಮೇಲೂ ಅದರ ರೇಡಿಯೊ ಸಂಕೇತ ಬೆಂಗಳೂರಿಗೆ ತಲುಪಲು ಹನ್ನೆರಡೂವರೆ ನಿಮಿಷ ಬೇಕಿತ್ತು. ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದವರು ಕೈಕಟ್ಟಿ ಪರದೆ ನೋಡುತ್ತಿದ್ದರು. ಗೆದ್ದಿದ್ದರೂ ಸೋತಿದ್ದರೂ ಅದು ಅಷ್ಟು ಹೊತ್ತಿಗೆ ಮುಗಿದುಹೋಗಿದ್ದ ಸಂಗತಿ, ಬೆಳಕು ಮಾತ್ರ ಇನ್ನೂ ದಾರಿಯಲ್ಲಿತ್ತು. ಅಂದಿನಿಂದ, ಗ್ರಹದಿಂದ ಗ್ರಹಕ್ಕೆ ಫೋನಿನಲ್ಲಿ ಮಾತಾಡಿದಂತೆ ಮಾತಾಡುವ ದೃಶ್ಯ ಬಂದಾಗಲೆಲ್ಲ, ಆ ಹನ್ನೆರಡೂವರೆ ನಿಮಿಷವನ್ನು ಯಾರೋ ನನ್ನಿಂದ ಕಸಿದುಕೊಂಡಂತಾಗುತ್ತದೆ.

ಗೆಳೆಯರೊಡನೆ ಒಂದು ಒಪ್ಪಂದವಾಗಿದೆ. ಅವರು ‘ದಿ ಎಕ್ಸ್‌ಪ್ಯಾನ್ಸ್’ನ ಮೂರನೆಯ ಸೀಸನ್ನಿನವರೆಗೆ ನೋಡುತ್ತಾರೆ, ನಾನು ‘ಸೊಲಾರಿಸ್’ ನೋಡುತ್ತೇನೆ. ಕಥೆಯ ಕಡೆಯವರಲ್ಲಿ ಒಂದು ವಿನಂತಿ: ಕಾದಂಬರಿಯನ್ನು ಮೊದಲು ಓದಬೇಕೇ, ಚಿತ್ರವನ್ನು ಮೊದಲು ನೋಡಬೇಕೇ?

ಉತ್ತರ 5: ಕಥೆಯ ಕಡೆಯವಳು

ಚಿತ್ರವನ್ನು ಮೊದಲು ನೋಡಿ, ರಾತ್ರಿ, ಒಂದೇ ಬಾರಿಗೆ. ಎರಡೂ ಮುಕ್ಕಾಲು ಗಂಟೆ ಬೇಕು. ನಡುವೆ ಟೋಕಿಯೊದ ರಸ್ತೆಗಳಲ್ಲಿ ಕಾರೊಂದು ಬಹಳ ಹೊತ್ತು ಸುಮ್ಮನೆ ಸಾಗುತ್ತದೆ. ದಯವಿಟ್ಟು ಅದನ್ನು ಮುಂದಕ್ಕೆ ಓಡಿಸಬೇಡಿ. ಮರುದಿನ ಕಾದಂಬರಿ ಎತ್ತಿಕೊಳ್ಳಿ. ಸಾಗರದ ಬಗ್ಗೆ ತಲೆಮಾರುಗಳ ವಿಜ್ಞಾನಿಗಳು ಬರೆದಿಟ್ಟ ಸಿದ್ಧಾಂತಗಳನ್ನು ಲೆಮ್ ಪುಟಗಟ್ಟಲೆ ವಿವರಿಸುತ್ತಾರೆ, ಅದು ನಿಮಗಾಗಿಯೇ ಬರೆದಂತಿದೆ.